ಸೀಟ್ ಬೆಲ್ಟ್ ಹಾಕೋದ್ರೊಳಗೆ ಇಳಿಯೋ ವಿಮಾನ

ಭಾಗ 1

ಬೆಂಗಳೂರಿನ ಕೆಂಪೇಗೌಡ ಏರ್‌ಪೋರ್ಟ್‌ನಲ್ಲಿ ಒಂದು ರನ್‌ವೇ ಉದ್ದ 4 ಕಿಲೋಮೀಟರ್. ಸ್ಕಾಟ್ಲೆಂಡಿನ ಉತ್ತರ ತುದಿಯಾಚೆ ಸಮುದ್ರದಲ್ಲಿ ಎರಡು ಪುಟ್ಟ ದ್ವೀಪಗಳಿವೆ, ಅವೆರಡರ ನಡುವೆ ಒಂದು ವಿಮಾನ ಓಡಾಡುತ್ತೆ. ಅದು ಹಾರೋ ದೂರ ಸುಮಾರು 2.7 ಕಿಲೋಮೀಟರ್. ಅಂದ್ರೆ ಆ ಇಡೀ ಪ್ರಯಾಣವನ್ನ, ಹತ್ತೋದು, ಹಾರೋದು, ಇಳಿಯೋದು ಎಲ್ಲವನ್ನೂ ಸೇರಿಸಿ, ನಮ್ಮ ಒಂದೇ ರನ್‌ವೇ ಮೇಲೆ ಹಾಸಿಬಿಡಬಹುದು. ಆಮೇಲೂ ಒಂದು ಕಿಲೋಮೀಟರ್‌ಗಿಂತ ಹೆಚ್ಚು ಜಾಗ ಖಾಲಿ ಉಳಿಯುತ್ತೆ.

ದ್ವೀಪಗಳ ಹೆಸರು ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ. ವಿಮಾನದ ಕಂಪನಿ ಲೋಗನ್‌ಏರ್. ಟೈಮ್‌ಟೇಬಲ್‌ನಲ್ಲಿ ಬರೆದಿರೋ ಪ್ರಯಾಣದ ಸಮಯ 2 ನಿಮಿಷ. ಗಾಳಿ ಸರಿಯಾಗಿದ್ರೆ ಅಷ್ಟೂ ಬೇಕಾಗಲ್ಲ. ದಾಖಲೆ 53 ಸೆಕೆಂಡ್. ಜಗತ್ತಿನ ಅತಿ ಚಿಕ್ಕ ನಿಗದಿತ ವಿಮಾನಯಾನ ಅಂತ ಗಿನ್ನೆಸ್ ದಾಖಲೆ ಇರೋದು ಇದಕ್ಕೇ.

ಇಷ್ಟು ನೀವು ರೀಲ್ಸ್‌ನಲ್ಲಿ ನೋಡಿರಬಹುದು. ರೀಲ್ ಅಲ್ಲಿಗೇ ಮುಗಿಯುತ್ತೆ, ‘ವಾವ್’ ಅಂತ ನಾವು ಮುಂದಕ್ಕೆ ಹೋಗ್ತೀವಿ. ನನಗೆ ಮಾತ್ರ ಬಿಕಾಂ ತಲೆ, ಒಂದು ಪ್ರಶ್ನೆ ಹೋಗ್ಲೇ ಇಲ್ಲ: ಇದರ ಖರ್ಚು ಯಾರು ಕೊಡ್ತಾರೆ? ಎರಡೂ ಮುಕ್ಕಾಲು ಕಿಲೋಮೀಟರ್ ಕೂಡ ಇಲ್ಲದ ದೂರಕ್ಕೆ ವಿಮಾನ ಹಾರಿಸೋಣ ಅಂತ ಯಾವ ಪುಣ್ಯಾತ್ಮ ಮೊದಲು ಯೋಚನೆ ಮಾಡಿದ? ಅದು 1967ರಿಂದ ಇವತ್ತಿನವರೆಗೆ ನಿಲ್ಲದೆ ನಡೀತಿದೆ ಅಂದ್ರೆ ಏನೋ ಲೆಕ್ಕ ಇರ್ಲೇಬೇಕಲ್ಲ.

ಆ ಲೆಕ್ಕದ ಕಥೆಯೇ ಈ ಸರಣಿ. ಸೇವ್ ಮಾಡ್ಕೊಳ್ಳಿ, ಕ್ಲಾಸ್ ಮಧ್ಯೆ ಓದ್ಬೇಡಿ.

ಭಾಗ 2

ಮೊದಲು ಜಾಗ ನೋಡೋಣ. ಫೋಟೋದಲ್ಲಿರೋ ಮ್ಯಾಪ್ ನಾನೇ ಪೆನ್ಸಿಲ್‌ನಲ್ಲಿ ಬರೆದಿದ್ದು, ನಗಬೇಡಿ.

ಸ್ಕಾಟ್ಲೆಂಡಿನ ಮೇಲ್ತುದಿಯಿಂದ ಸಮುದ್ರ ದಾಟಿದ್ರೆ ಆರ್ಕ್ನಿ ದ್ವೀಪಸಮೂಹ. ಒಟ್ಟು 70ರಷ್ಟು ದ್ವೀಪಗಳು, ಜನ ವಾಸ ಇರೋದು 20ರ ಆಸುಪಾಸಿನಲ್ಲಿ ಮಾತ್ರ. ಎಲ್ಲಾ ಸೇರಿಸಿ ಜನಸಂಖ್ಯೆ ಸುಮಾರು 22,000. ನಮ್ಮ ಸಾಗರ ಪೇಟೆಯಲ್ಲೇ ಅದರ ಎರಡು ಪಟ್ಟಿಗಿಂತ ಹೆಚ್ಚು ಜನ ಇದ್ದಾರೆ. ಆರ್ಕ್ನಿಯ ದೊಡ್ಡ ಊರು ಕರ್ಕ್‌ವಾಲ್. ಆಸ್ಪತ್ರೆ, ದೊಡ್ಡ ಶಾಲೆ, ಕಚೇರಿ, ಏರ್‌ಪೋರ್ಟ್ ಎಲ್ಲಾ ಅಲ್ಲೇ.

ಕರ್ಕ್‌ವಾಲ್‌ನಿಂದ ನೇರ ಉತ್ತರಕ್ಕೆ 44 ಕಿಲೋಮೀಟರ್‌ನಷ್ಟು ಹೋದ್ರೆ ನಮ್ಮ ಎರಡು ದ್ವೀಪಗಳು ಪಕ್ಕಪಕ್ಕದಲ್ಲಿ ಸಿಗ್ತವೆ. ಪಶ್ಚಿಮಕ್ಕೆ ವೆಸ್ಟ್ರೇ, ದೊಡ್ಡದು, ಆರು ನೂರರ ಹತ್ತಿರ ಜನ. ಪೂರ್ವಕ್ಕೆ ಪಾಪಾ ವೆಸ್ಟ್ರೇ, ವಿಸ್ತೀರ್ಣ ಸುಮಾರು 9 ಚದರ ಕಿಲೋಮೀಟರ್, ನೂರು ಜನರೂ ಇಲ್ಲ. ಅಲ್ಲಿಯವರು ಅದನ್ನ ಪ್ರೀತಿಯಿಂದ ‘ಪಾಪೇ’ ಅಂತ ಕರೀತಾರೆ. ನಮ್ಮ ‘ಅಯ್ಯೋ ಪಾಪ’ಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಳೆಯ ನಾರ್ಸ್ ಭಾಷೆಯಲ್ಲಿ ಪಾದ್ರಿಗಳಿಗೆ, ಸನ್ಯಾಸಿಗಳಿಗೆ ಇದ್ದ ಪದದಿಂದ ಬಂದ ಹೆಸರು, ಪಾದ್ರಿಗಳ ದ್ವೀಪ ಅಂತ.

ನಾರ್ಸ್ ಹೆಸರು ಯಾಕೆ? ಯಾಕಂದ್ರೆ ಆರ್ಕ್ನಿ ನೂರಾರು ವರ್ಷ ನಾರ್ವೆಯ ಕೈಯಲ್ಲಿತ್ತು. 1468ರಲ್ಲಿ ಡೆನ್ಮಾರ್ಕ್-ನಾರ್ವೆಯ ರಾಜ ಒಂದನೇ ಕ್ರಿಶ್ಚಿಯನ್ ತನ್ನ ಮಗಳು ಮಾರ್ಗರೆಟ್‌ಳನ್ನ ಸ್ಕಾಟ್ಲೆಂಡಿನ ರಾಜ ಮೂರನೇ ಜೇಮ್ಸ್‌ಗೆ ಕೊಟ್ಟು ಮದುವೆ ನಿಶ್ಚಯ ಮಾಡಿದ. ವರದಕ್ಷಿಣೆಗೆ ದುಡ್ಡಿರಲಿಲ್ಲ, ಅದಕ್ಕೆ ಆರ್ಕ್ನಿಯನ್ನೇ ಅಡ ಇಟ್ಟ. ದುಡ್ಡು ಕಟ್ಟಿ ಬಿಡಿಸ್ಕೊಳ್ಳಲಿಲ್ಲ, 1472ರಲ್ಲಿ ಸ್ಕಾಟ್ಲೆಂಡ್ ತನ್ನದು ಮಾಡ್ಕೊಳ್ತು. ಮಾರ್ಟ್‌ಗೇಜ್ ಚಾಪ್ಟರ್‌ಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಪಾಪೇಯಲ್ಲಿ ಜನ ಇವತ್ತು ನಿನ್ನೆ ಬಂದವರಲ್ಲ. ಅಲ್ಲಿನ ಕಡಲ ಅಂಚಿನಲ್ಲಿ ನ್ಯಾಪ್ ಆಫ್ ಹೋವರ್ ಅನ್ನೋ ಕಲ್ಲಿನ ಮನೆ ಇದೆ, ಎರಡು ಕೋಣೆ ಒಂದಕ್ಕೊಂದು ಅಂಟಿಕೊಂಡಂತೆ. ಕ್ರಿ.ಪೂ. 3700ರ ಸುಮಾರಿಗೇ ಅಲ್ಲಿ ಸಂಸಾರ ನಡೀತಿತ್ತು. ಉತ್ತರ ಯುರೋಪಿನಲ್ಲಿ ಇನ್ನೂ ಗೋಡೆ ನಿಂತಿರೋ ಅತಿ ಹಳೆಯ ಮನೆಗಳಲ್ಲಿ ಇದೂ ಒಂದು. ಈಜಿಪ್ಟಿನ ಪಿರಮಿಡ್‌ಗಿಂತ ಹಳೇದು. ಅಂದ್ರೆ ಐದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಈ ಜನಕ್ಕೆ ಪಕ್ಕದ ದ್ವೀಪಕ್ಕೆ ಹೋಗೋಕೆ ಇದ್ದದ್ದು ಒಂದೇ ದಾರಿ, ದೋಣಿ.

ಭಾಗ 3

ದೋಣಿ ಇದ್ಮೇಲೆ ವಿಮಾನ ಯಾಕೆ ಅಂತ ಕೇಳಿದವರಿಗೆ ಇದು.

ಈಗಲೂ ವೆಸ್ಟ್ರೇ-ಪಾಪೇ ನಡುವೆ ಒಂದು ಚಿಕ್ಕ ಪ್ರಯಾಣಿಕರ ದೋಣಿ ಇದೆ, ಸುಮಾರು 25 ನಿಮಿಷ ತಗೊಳ್ಳುತ್ತೆ. ಕೇಳೋಕೆ ಆರಾಮ. ಆದ್ರೆ ಪಾಪೇಯವರಿಗೆ ವೆಸ್ಟ್ರೇ ಕೊನೆ ನಿಲ್ದಾಣ ಅಲ್ಲ. ಹಲ್ಲು ನೋವಾದ್ರೆ, ಕೋರ್ಟ್ ಕೆಲಸ ಇದ್ರೆ, ಹೆರಿಗೆ ಇದ್ರೆ, ಹೋಗ್ಬೇಕಾಗಿರೋದು ಕರ್ಕ್‌ವಾಲ್‌ಗೆ. ಸಮುದ್ರದ ಮೇಲೆ ಹೋದ್ರೆ ಲೆಕ್ಕ ಹೀಗೆ: ಪಾಪೇಯಿಂದ ಚಿಕ್ಕ ದೋಣಿಯಲ್ಲಿ ವೆಸ್ಟ್ರೇಯ ಪಿಯರೋವಾಲ್ ಊರಿಗೆ. ಅದು ದ್ವೀಪದ ಉತ್ತರಕ್ಕಿದೆ. ದೊಡ್ಡ ಫೆರ್ರಿ ನಿಲ್ಲೋದು ರಾಪ್‌ನೆಸ್ ಅನ್ನೋ ಜಾಗದಲ್ಲಿ, ಅದು ದಕ್ಷಿಣದ ತುದಿ. ಅಲ್ಲಿಗೆ ಬಸ್ಸೋ ಕಾರೋ ಹಿಡೀಬೇಕು. ಆಮೇಲೆ ಫೆರ್ರಿಯಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ. ಕಾಯೋದು ಸೇರಿಸಿದ್ರೆ ಅರ್ಧ ದಿನ ಅಲ್ಲೇ ಹೋಯ್ತು. ವಾಪಸ್ ಬರೋಕೂ ಅಷ್ಟೇ. ಕರ್ಕ್‌ವಾಲ್‌ನಿಂದ ಪಾಪೇಗೆ ನೇರ ಹಡಗೂ ಇದೆ, ಆದರೆ ಅದು ದಿನಾ ಬರೋದಲ್ಲ.

ವಿಮಾನದಲ್ಲಾದ್ರೆ? ಕರ್ಕ್‌ವಾಲ್‌ಗೆ 15-20 ನಿಮಿಷ.

ಇದರ ಜೊತೆ ಉತ್ತರ ಅಟ್ಲಾಂಟಿಕ್‌ನ ಚಳಿಗಾಲ ಸೇರಿಸಿ. ಡಿಸೆಂಬರ್‌ನಲ್ಲಿ ಅಲ್ಲಿ ಬೆಳಕು ಇರೋದೇ ಆರು ಗಂಟೆ. ಬಿರುಗಾಳಿಗೆ ಚಿಕ್ಕ ದೋಣಿ ನಿಂತುಬಿಡುತ್ತೆ. ಹಾಗಂತ ವಿಮಾನ ದೇವರಲ್ಲ, ಮಂಜು ಮುಸುಕಿದ್ರೆ ಅದೂ ನಿಲ್ಲುತ್ತೆ. ಒಂದು ನಿಂತ ದಿನ ಇನ್ನೊಂದು ಇರುತ್ತೆ ಅನ್ನೋದಷ್ಟೇ ಸಮಾಧಾನ.

ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಶರಾವತಿ ಹಿನ್ನೀರು ನಿಂತ್ಕೊಳ್ತು, ತುಮರಿ ಕಡೆಯವರು ಕಡಲಿಲ್ಲದ ದ್ವೀಪದವರಾದರು. ಆಚೆ ದಡ ಕಣ್ಣಿಗೆ ಕಾಣುತ್ತೆ, ಆದ್ರೆ ಸಂಜೆ ಕೊನೇ ಲಾಂಚ್ ಹೋದ್ಮೇಲೆ ಆ ದಡ ಎಷ್ಟು ದೂರ ಅಂತ ಸಿಗಂದೂರು ಲಾಂಚ್‌ಗೆ ಓಡಿದವರನ್ನ ಕೇಳಿ. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ರಂದು. ಅದರ ಉದ್ದ 2.44 ಕಿಲೋಮೀಟರ್. ವೆಸ್ಟ್ರೇಯಿಂದ ಪಾಪೇಗೆ ವಿಮಾನ ಹಾರೋದು 2.7. ಹತ್ತಿರ ಹತ್ತಿರ ಒಂದೇ ಅಳತೆ ನೀರು, ಮಾರಾಯ್ರೆ.

ಹಾಗಾದ್ರೆ ಅವರೂ ಸೇತುವೆ ಕಟ್ಟಬಹುದಿತ್ತಲ್ಲ? ಆ ಪ್ರಶ್ನೆ ಇಟ್ಕೊಳ್ಳಿ, ಭಾಗ 7ರಲ್ಲಿ ಬರುತ್ತೆ.

ಭಾಗ 4

ಇನ್ನು ವ್ಯಕ್ತಿಗಳ ಕಥೆ. ಮೊದಲನೆಯವರು ಕ್ಯಾಪ್ಟನ್ ಟೆಡ್ ಫ್ರೆಸನ್.

ಮೊದಲ ಮಹಾಯುದ್ಧದ ಪೈಲಟ್. ಯುದ್ಧ ಮುಗಿದ ಮೇಲೆ ಆ ಕಾಲದ ತುಂಬಾ ಪೈಲಟ್‌ಗಳು ಹೊಟ್ಟೆಪಾಡಿಗೆ ಮಾಡ್ತಿದ್ದದ್ದು ಜಾಯ್‌ರೈಡ್. ಅಂದ್ರೆ ಜಾತ್ರೆಯಲ್ಲಿ ತೊಟ್ಟಿಲು ತೂಗಿದ ಹಾಗೆ, ಊರೂರಿಗೆ ವಿಮಾನ ತಗೊಂಡ್ಹೋಗಿ, ದುಡ್ಡು ಕೊಟ್ಟವರನ್ನ ಒಂದು ಸುತ್ತು ಹಾರಿಸಿ ಇಳಿಸೋದು. ಹಾಗೇ ಸುತ್ತುತ್ತಾ 1931ರಲ್ಲಿ ಫ್ರೆಸನ್ ಆರ್ಕ್ನಿಗೆ ಬಂದರು. ಜನ ಮಜಾ ಮಾಡೋಕೆ ವಿಮಾನ ಹತ್ತಿದ್ರು. ಫ್ರೆಸನ್‌ಗೆ ಕಂಡಿದ್ದು ಬೇರೆ: ಇಲ್ಲಿಯವರಿಗೆ ವಿಮಾನ ಮಜಾ ಅಲ್ಲ, ಬಸ್ಸಿನ ಹಾಗೆ ದಿನನಿತ್ಯದ ಅಗತ್ಯ.

1933ರ ಮೇ 8ರಂದು ಅವರ ಹೈಲ್ಯಾಂಡ್ ಏರ್‌ವೇಸ್ ಇನ್ವರ್‌ನೆಸ್‌ನಿಂದ ವಿಕ್ ಊರಿನ ಮೇಲೆ ಕರ್ಕ್‌ವಾಲ್‌ಗೆ ನಿಗದಿತ ಸೇವೆ ಶುರು ಮಾಡ್ತು. ಏರ್‌ಪೋರ್ಟ್ ಅಂತ ಇದ್ದದ್ದು ಹೊಲ. ವಿಮಾನ ಬರೋ ಮುಂಚೆ ದನ ಕುರಿ ಓಡಿಸ್ಬೇಕು.

ಮುಂದಿನ ವರ್ಷ ಆಗಿದ್ದು ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟ. 1934ರ ಮೇ 29ರಂದು ಇನ್ವರ್‌ನೆಸ್-ಕರ್ಕ್‌ವಾಲ್ ಮಾರ್ಗದಲ್ಲಿ ಬ್ರಿಟನ್ನಿನ ಒಳಗೆ ಮೊದಲ ನಿಯಮಿತ ವಿಮಾನ ಅಂಚೆ ಶುರುವಾಯ್ತು, ಅದೂ ಮಾಮೂಲಿ ಅಂಚೆ ದರದಲ್ಲಿ! ಎಕ್ಸ್‌ಟ್ರಾ ಒಂದು ಪೈಸೆ ಇಲ್ಲ. ಆವರೆಗೆ ‘ಏರ್ ಮೇಲ್’ ಅಂದ್ರೆ ಜಾಸ್ತಿ ದುಡ್ಡು ಕೊಟ್ಟವರ ಸೌಲಭ್ಯ. ಲಂಡನ್‌ನಲ್ಲಿ ಅಲ್ಲ, ದೇಶದ ಮೂಲೆಯಲ್ಲಿರೋ ದ್ವೀಪದವರಿಗೆ ಮೊದಲು ಅದು ಸಾಮಾನ್ಯ ಸ್ಟಾಂಪಿಗೆ ಸಿಕ್ಕಿತು. ಮೊದಲ ವರ್ಷ ಫ್ರೆಸನ್ ವಿಮಾನಗಳು ಹೇಳಿದ ಟೈಮಿಗೆ ಬಂದು ಹೋಗಿದ್ದನ್ನ ನೋಡಿಯೇ ಅಂಚೆ ಇಲಾಖೆಗೆ ನಂಬಿಕೆ ಬಂದಿದ್ದು. ಬ್ಯಾಲೆನ್ಸ್ ಶೀಟ್‌ನಲ್ಲಿ ‘ಗುಡ್‌ವಿಲ್’ ಅಂತ ಬರೀತೀವಲ್ಲ, ಅದು ಹೀಗೆ ಹುಟ್ಟೋದು.

ಅದೇ ವರ್ಷ ಆರ್ಕ್ನಿಯ ಒಳಗೇ ದ್ವೀಪದಿಂದ ದ್ವೀಪಕ್ಕೆ ಹಾರಾಟ ಶುರುವಾಯ್ತು: ವೆಸ್ಟ್ರೇ, ಸ್ಯಾಂಡೇ, ಸ್ಟ್ರಾನ್ಸೇ, ನಾರ್ತ್ ರೊನಾಲ್ಡ್‌ಸೇ.

1939ರಲ್ಲಿ ಎರಡನೇ ಮಹಾಯುದ್ಧ. ಸಣ್ಣ ದ್ವೀಪಗಳ ನಿಗದಿತ ಸೇವೆ ನಿಂತಿತು. ಯುದ್ಧ ಮುಗಿದ್ಮೇಲೆ ಸರ್ಕಾರ ವಿಮಾನಯಾನವನ್ನ ರಾಷ್ಟ್ರೀಕರಣ ಮಾಡ್ತು. 1947ರಲ್ಲಿ ಫ್ರೆಸನ್ ಕಟ್ಟಿದ ಮಾರ್ಗಗಳು ಸರ್ಕಾರಿ ಕಂಪನಿ ಬ್ರಿಟಿಷ್ ಯುರೋಪಿಯನ್ ಏರ್‌ವೇಸ್ ಪಾಲಾದವು. 1948ರಲ್ಲಿ ಅವರನ್ನೇ ಕೆಲಸದಿಂದ ತೆಗೆದರು. ದೊಡ್ಡ ಕಂಪನಿ ಕರ್ಕ್‌ವಾಲ್‌ವರೆಗೆ ಹಾರಿತು, ಅದರಾಚೆ ಹೊಲಗಳಲ್ಲಿ ಇಳಿಯೋ ಕೆಲಸ ಅದಕ್ಕೆ ಬೇಕಿರಲಿಲ್ಲ. ಸಣ್ಣ ದ್ವೀಪಗಳಿಗೆ ನಿಗದಿತ ವಿಮಾನ ಮತ್ತೆ ಬರೋಕೆ 28 ವರ್ಷ ಹಿಡೀತು. ಫ್ರೆಸನ್ ಅದನ್ನ ನೋಡಲಿಲ್ಲ, 1963ರಲ್ಲಿ ತೀರಿಕೊಂಡ್ರು.

ಆ 28 ವರ್ಷಗಳಲ್ಲಿ ಏನಾಯ್ತು ಅನ್ನೋದು ಮುಂದಿನ ಭಾಗ. ಸ್ವಲ್ಪ ಬೇಜಾರಿನ ಭಾಗ.

ಭಾಗ 5

ಫೋಟೋದಲ್ಲಿ ಬರೀ ಮೂರು ಹೆಸರು ಬರೆದಿದೀನಿ. ಫಾರೇ, 1947. ಕೋಪಿನ್ಸೇ, 1958. ಸ್ವೋನಾ, 1974.

ಇವು ಆರ್ಕ್ನಿಯ ದ್ವೀಪಗಳು. ವರ್ಷ ಅಂದ್ರೆ ಕೊನೆಯ ನಿವಾಸಿಗಳು ಗಂಟುಮೂಟೆ ಕಟ್ಟಿದ ವರ್ಷ. ಫಾರೇ ಇರೋದು ವೆಸ್ಟ್ರೇಯ ಪಕ್ಕದಲ್ಲೇ. ಸ್ವೋನಾದಲ್ಲಿ ಜನ ಹೋದಾಗ ದನಗಳನ್ನ ಅಲ್ಲೇ ಬಿಟ್ಟು ಹೋದರು. ಅವುಗಳ ಸಂತತಿ ಇವತ್ತಿಗೂ ಅಲ್ಲಿದೆ, ಪೂರ್ತಿ ಕಾಡುದನಗಳಾಗಿ. ಮನೆಗಳ ಬಾಗಿಲು ಬಿದ್ದಿದೆ, ದನ ಮೇಯ್ತಿವೆ.

ಯಾರೂ ಇವರನ್ನ ಓಡಿಸಲಿಲ್ಲ. ಬರ ಅಲ್ಲ, ಯುದ್ಧ ಅಲ್ಲ. ನಡೆಯೋದು ಹೀಗೆ: ಹತ್ತು ಮನೆ ಇರೋ ಊರಿಂದ ಓದೋ ಮಕ್ಕಳು ಮೊದಲು ಹೋಗ್ತಾರೆ. ಶಾಲೆಯಲ್ಲಿ ಮಕ್ಕಳು ಎರಡು ಮೂರಕ್ಕೆ ಇಳೀತಾರೆ, ಟೀಚರ್ ಬರಲ್ಲ, ಶಾಲೆ ಮುಚ್ಚುತ್ತೆ. ಶಾಲೆ ಇಲ್ಲ ಅಂದ್ಮೇಲೆ ಚಿಕ್ಕ ಮಕ್ಕಳಿರೋ ಸಂಸಾರ ಹೊರಡುತ್ತೆ. ಆಮೇಲೆ ಅಂಗಡಿ ನಡೆಯಲ್ಲ. ಆಮೇಲೆ ದೋಣಿ ಎಳೆಯೋಕೆ ತೋಳಿಗೆ ಬಲ ಇರೋರು ಸಿಗಲ್ಲ. ಉಳಿಯೋದು ವಯಸ್ಸಾದವರು. ಒಂದು ಚಳಿಗಾಲ ಯಾರಿಗೋ ಹುಷಾರಿಲ್ಲ, ಡಾಕ್ಟರ್ ಬರೋಕೆ ಆಗಲ್ಲ, ಅಲ್ಲಿಗೆ ಮುಗೀತು. ಮಲೆನಾಡಿನ ಒಂಟಿ ಮನೆಗಳ ಊರಿನವರಾರಾದ್ರೂ ಓದ್ತಿದ್ರೆ ಈ ಪ್ಯಾರಾ ಅವರಿಗೆ ಪರಿಚಯ ಅನ್ಸುತ್ತೆ.

ಪಾಪೇಯೂ ಅದೇ ಇಳಿಜಾರಿನಲ್ಲಿತ್ತು. 19ನೇ ಶತಮಾನದಲ್ಲಿ 300ಕ್ಕೂ ಹೆಚ್ಚು ಜನ ಇದ್ದ ದ್ವೀಪ ಅದು. 2001ರ ಜನಗಣತಿ ಹೊತ್ತಿಗೆ 65. ನಿಮ್ಮ ಕ್ಲಾಸ್‌ನ ಎ ಸೆಕ್ಷನ್ ಅಷ್ಟೇ.

ಭಾಗ 6

ಎರಡನೇ ವ್ಯಕ್ತಿ ವಿಲ್ಲಿ ಲೋಗನ್. ಪೈಲಟ್ ಅಲ್ಲ, ಕಂಟ್ರಾಕ್ಟರ್. ಅವರ ಕಂಪನಿಗೆ ಸಿಕ್ಕಿದ್ದ ದೊಡ್ಡ ಕೆಲಸ ಸ್ಕಾಟ್ಲೆಂಡಿನ ಡಂಡೀ ಊರಲ್ಲಿ ಟೇ ನದಿಗೆ ರಸ್ತೆ ಸೇತುವೆ ಕಟ್ಟೋದು. ಸೈಟ್‌ಗೆ ಓಡಾಡೋಕೆ, ಎಡಿನ್‌ಬರೋದಿಂದ ಡಂಡೀಗೆ, ಬೇಗ ತಲುಪೋ ದಾರಿ ಬೇಕಿತ್ತು. 1962ರಲ್ಲಿ ಪೈಪರ್ ಅಜ್ಟೆಕ್ ಅನ್ನೋ ಒಂದು ಚಿಕ್ಕ ವಿಮಾನ ಇಟ್ಕೊಂಡು ಏರ್ ಟ್ಯಾಕ್ಸಿ ಶುರು ಮಾಡಿದ್ರು. ಅದೇ ಲೋಗನ್‌ಏರ್. ಸೇತುವೆ ಕಟ್ಟೋನ ಕೈಯಲ್ಲಿ ವಿಮಾನ ಕಂಪನಿ ಹುಟ್ಟಿತು.

1966ರ ಜನವರಿಯಲ್ಲಿ ಇನ್ವರ್‌ನೆಸ್ ಹತ್ತಿರ ಒಂದು ವಿಮಾನ ಅಪಘಾತದಲ್ಲಿ ಲೋಗನ್ ಸತ್ತರು. ಆ ವಿಮಾನ ಅವರ ಕಂಪನಿಯದ್ದಲ್ಲ, ಬಾಡಿಗೆಗೆ ತಗೊಂಡ ಬೇರೆಯವರದ್ದು. ಟೇ ಸೇತುವೆ ಅದೇ ವರ್ಷ ಆಗಸ್ಟ್‌ನಲ್ಲಿ ಓಪನ್ ಆಯ್ತು. ಕಟ್ಟಿಸಿದವರು ಅದರ ಮೇಲೆ ಓಡಾಡಲಿಲ್ಲ.

ಕಂಪನಿ ಉಳೀತು. ಅದೇ ಹೊತ್ತಿಗೆ ಇಂಗ್ಲೆಂಡಿನ ದಕ್ಷಿಣದಲ್ಲಿ, ಐಲ್ ಆಫ್ ವೈಟ್ ಅನ್ನೋ ದ್ವೀಪದಲ್ಲೇ, ಜಾನ್ ಬ್ರಿಟನ್ ಮತ್ತು ಡೆಸ್ಮಂಡ್ ನಾರ್ಮನ್ ಸೇರಿ ಒಂದು ವಿಮಾನ ಮಾಡಿದ್ರು. 1965ರ ಜೂನ್ 13ರಂದು ಮೊದಲ ಸಲ ಹಾರಿತು. ಹೆಸರೇ ‘ಐಲ್ಯಾಂಡರ್’, ಅಂದ್ರೆ ದ್ವೀಪವಾಸಿ. ಇಂಥ ವಿಮಾನ ಇಲ್ಲದಿದ್ರೆ ನಮ್ಮ ಕಥೆಯೇ ಇರ್ತಿರಲಿಲ್ಲ, ಅದಕ್ಕೆ ಸ್ವಲ್ಪ ವಿವರ ಹೇಳ್ತೀನಿ.

ಎರಡು ಪಿಸ್ಟನ್ ಇಂಜಿನ್. ಚಕ್ರ ಒಳಗೆ ಮಡಚಿಕೊಳ್ಳಲ್ಲ, ಯಾವಾಗಲೂ ಹೊರಗೇ. ರೆಕ್ಕೆ ಮೇಲ್ಗಡೆ ಇರೋದ್ರಿಂದ ಕಲ್ಲು ಮಣ್ಣು ಹಾರಿದ್ರೂ ಪೆಟ್ಟು ಕಡಿಮೆ. ಒಳಗೆ ನಡೆದಾಡೋ ದಾರಿ ಇಲ್ಲ, ಪಕ್ಕದ ಬಾಗಿಲುಗಳಿಂದ ಸೀದಾ ಸೀಟಿಗೆ ಹತ್ತೋದು, ಹಳೇ ಅಂಬಾಸಿಡರ್ ಕಾರಿನ ಹಾಗೆ. ಆರ್ಕ್ನಿಯಲ್ಲಿ ಎಂಟು ಜನ ಪ್ರಯಾಣಿಕರು, ಒಬ್ಬರೇ ಪೈಲಟ್. ಒಬ್ಬ ಪ್ರಯಾಣಿಕನಿಗೆ ಪೈಲಟ್ ಪಕ್ಕದ ಸೀಟೇ ಸಿಗುತ್ತೆ. ಅರ್ಧ ಕಿಲೋಮೀಟರ್ ಪಟ್ಟಿ ಇದ್ರೆ ಸಾಕು, ಡಾಂಬರು ಬೇಡ, ಜಲ್ಲಿ ಹಾಸಿದ್ರೂ ಹುಲ್ಲಾದ್ರೂ ಇಳಿಯುತ್ತೆ. ವೆಸ್ಟ್ರೇ, ಪಾಪೇ ಏರ್‌ಪೋರ್ಟ್‌ಗಳು ಅಂದ್ರೆ ನಿಜವಾಗಿ ಅಷ್ಟೇ: ಪಟ್ಟಿಗಳು, ಒಂದು ಪುಟ್ಟ ಕಟ್ಟಡ, ಬೆಂಕಿ ಆರಿಸೋಕೆ ಒಂದು ಗಾಡಿ.

ಐಲ್ಯಾಂಡರ್ ಕೊಂಡ ಮೊದಲ ಕಂಪನಿಗಳಲ್ಲಿ ಲೋಗನ್‌ಏರ್ ಒಂದು. 1967ರಲ್ಲಿ ಆರ್ಕ್ನಿಯ ದ್ವೀಪಗಳ ನಡುವೆ ಮತ್ತೆ ನಿಗದಿತ ವಿಮಾನ ಹಾರಿತು. ಅದರಲ್ಲಿ ವೆಸ್ಟ್ರೇ-ಪಾಪೇ ತುಣುಕೂ ಸೇರಿತ್ತು.

ಬಿಕಾಂನವರಿಗೆ ಬೋನಸ್: 1968ರಲ್ಲಿ ಈ ಏರ್‌ಲೈನ್ ಅನ್ನ ಕೊಂಡಿದ್ದು ಒಂದು ಬ್ಯಾಂಕ್! ನ್ಯಾಷನಲ್ ಕಮರ್ಷಿಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್. ಅದು ಮುಂದೆ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಜೊತೆ ವಿಲೀನ ಆಯ್ತು. ಬ್ಯಾಂಕ್ ಬ್ರಾಂಚ್ ಇಲ್ಲದ ದ್ವೀಪಗಳಿಗೆ ಬ್ಯಾಂಕಿನವರೇ ವಿಮಾನದಲ್ಲಿ ಹೋಗಿ ಕೌಂಟರ್ ನಡೆಸ್ತಿದ್ರು. ಹಾಗೆ ದ್ವೀಪ ಸುತ್ತುತ್ತಿದ್ದ ಬ್ಯಾಂಕ್ ಉದ್ಯೋಗಿಯೊಬ್ಬರು 10,000 ಸಲ ಹಾರಿದ್ದಕ್ಕೆ ಕಂಪನಿ ಅವರನ್ನ ಸನ್ಮಾನಿಸಿತು. ನಮ್ಮ ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಇಂಥ ಕೆಲಸ ಯಾಕೆ ಬರಲ್ಲ ಅಂತ ಕೇಳ್ಬೇಕು.

ಭಾಗ 7

ಈಗ ಲೆಕ್ಕ. ಕ್ಯಾಲ್ಕುಲೇಟರ್ ತಗೊಳ್ಳಿ.

2.7 ಕಿಲೋಮೀಟರ್ ಅನ್ನ 53 ಸೆಕೆಂಡ್‌ನಲ್ಲಿ ಅಂದ್ರೆ ಸರಾಸರಿ ವೇಗ ಗಂಟೆಗೆ 183 ಕಿಲೋಮೀಟರ್. ಅದೇ ದೂರ ಟೈಮ್‌ಟೇಬಲ್‌ನ 2 ನಿಮಿಷದಲ್ಲಿ ಅಂದ್ರೆ ಗಂಟೆಗೆ 81. ಹೈವೇಯಲ್ಲಿ ನಮ್ಮ ಐರಾವತ ಬಸ್ಸು ಹೋಗೋ ವೇಗ ಅದು. ಒಂದೇ ವಿಮಾನ, ಒಂದೇ ದೂರ, ಸಮಯ ಡಬ್ಬಲ್ ಯಾಕೆ?

ಗಾಳಿ. ವಿಮಾನ ಏರೋದು ಇಳಿಯೋದು ಎರಡೂ ಗಾಳಿಗೆ ಎದುರಾಗಿ. ಪಾಪೇ ಇರೋದು ವೆಸ್ಟ್ರೇಯ ಪೂರ್ವಕ್ಕೆ. ಪಶ್ಚಿಮದಿಂದ ಜೋರು ಗಾಳಿ ಬೀಸ್ತಿದೆ ಅಂದ್ಕೊಳ್ಳಿ. ವೆಸ್ಟ್ರೇಯಿಂದ ಪಾಪೇಗೆ ಹೋಗೋ ವಿಮಾನ ಮೊದಲು ಪಾಪೇಗೆ ಬೆನ್ನು ಹಾಕಿ ಏರ್ಬೇಕು, ತಿರುಗಿ ಬರ್ಬೇಕು, ಪಾಪೇ ದಾಟಿ ಮತ್ತೆ ತಿರುಗಿ ಪಶ್ಚಿಮಕ್ಕೆ ಮುಖ ಮಾಡಿ ಇಳೀಬೇಕು. ಹೋಗೋ ದೂರಕ್ಕಿಂತ ತಿರುಗೋದೇ ಜಾಸ್ತಿ. ಗಾಳಿ ತೀರಾ ಕಡಿಮೆ ಇದ್ದ ದಿನ ಇದ್ಯಾವುದೂ ಬೇಡ, ಸೀದಾ ಏರಿ ಸೀದಾ ಇಳಿಯೋದು. ಎರಡೂ ಕಡೆ ಬೇರೆ ಬೇರೆ ದಿಕ್ಕಿಗೆ ಪಟ್ಟಿಗಳಿರೋದೂ ಇದಕ್ಕೇ. ಎರಡು ಏರ್‌ಪೋರ್ಟ್ ನಡುವಿನ ‘ದೂರ’ ಅಂತ ಮ್ಯಾಪ್ ಹೇಳೋದು ನೇರ ಗೆರೆ. ವಿಮಾನ ನಿಜವಾಗಿ ಹಾರಿದ ದಾರಿ ಬೇರೆ, ಗೂಗಲ್‌ನಲ್ಲಿ ಹುಡುಕುವಾಗ ಇದನ್ನ ನೆನಪಿಟ್ಕೊಳ್ಳಿ.

53 ಸೆಕೆಂಡ್‌ನ ದಾಖಲೆ ಮಾಡಿದ ಪೈಲಟ್ ಸ್ಟುವರ್ಟ್ ಲಿಂಕ್‌ಲೇಟರ್. 2013ರಲ್ಲಿ ನಿವೃತ್ತರಾಗೋ ಹೊತ್ತಿಗೆ ಈ ಒಂದು ತುಣುಕನ್ನೇ 12,000ಕ್ಕೂ ಹೆಚ್ಚು ಸಲ ಹಾರಿದ್ರು. 12,000 ಸಲ 2.7 ಕಿಲೋಮೀಟರ್ ಅಂದ್ರೆ 32,400 ಕಿಲೋಮೀಟರ್. ಅಷ್ಟು ಸಲ ಹಾರಿದ್ರೂ ಭೂಮಿಗೆ ಒಂದು ಸುತ್ತು ಪೂರ್ತಿ ಆಗಲ್ಲ!

ಈಗ ಖರ್ಚಿನ ಪ್ರಶ್ನೆ. ಎರಡು ನಿಮಿಷಕ್ಕೆ ವಿಮಾನ ಹಾರಿಸೋದು ಹುಚ್ಚು ಅಂತ ಅನ್ಸೋದು ಆ ತುಣುಕನ್ನ ಬೇರೆ ತೆಗೆದು ನೋಡಿದಾಗ. ಆದ್ರೆ ಯಾರೂ ಬರೀ ವೆಸ್ಟ್ರೇ-ಪಾಪೇಗೆ ಅಂತ ವಿಮಾನ ಇಟ್ಟಿಲ್ಲ. ಅದು ಕರ್ಕ್‌ವಾಲ್‌ನಿಂದ ಹೊರಡುತ್ತೆ, ಒಂದು ದ್ವೀಪದಲ್ಲಿ ನಿಂತು, ಪಕ್ಕದ ದ್ವೀಪದಲ್ಲಿ ನಿಂತು, ವಾಪಸ್ ಹೋಗುತ್ತೆ. ಸ್ಟಾಪ್ ಕೊಡೋ ಬಸ್ಸು. ಕರ್ಕ್‌ವಾಲ್‌ನಿಂದ ಎರಡೂ ದ್ವೀಪಗಳು ಹೆಚ್ಚುಕಡಿಮೆ ಅಷ್ಟೇ ದೂರ, 44 ಕಿಲೋಮೀಟರ್. ಒಂದಕ್ಕೆ ಮಾತ್ರ ಹೋಗಿ ಬಂದ್ರೆ 88. ಎರಡಕ್ಕೂ ಹೋಗಿ ಬಂದ್ರೆ 91ರ ಹತ್ತಿರ. ಮೂರು ಪರ್ಸೆಂಟ್ ದೂರ ಸೇರಿಸಿದ್ರೆ ಇನ್ನೊಂದು ದ್ವೀಪ ಪೂರ್ತಿ ಸಿಗುತ್ತೆ. ಮಾರ್ಜಿನಲ್ ಕಾಸ್ಟ್ ಅಂತ ಮೇಷ್ಟ್ರು ಬೋರ್ಡ್ ಮೇಲೆ ಬರೆದಾಗ ನಾವೆಲ್ಲಾ ಫೋನ್ ನೋಡ್ತಿದ್ವಲ್ಲ, ಅದೇ ಇದು. ಇನ್ನೊಂದು ಸಲ ಇಳಿದು ಏರೋದಕ್ಕೆ ಇಂಧನ, ಟೈರ್, ಇಂಜಿನ್ ಸವೆತ ಇದೆ, ಅದನ್ನ ಸೇರಿಸ್ಬೇಕು. ಆದ್ರೂ ಬೇರೆ ವಿಮಾನ ಬಿಡೋದಕ್ಕಿಂತ ಎಷ್ಟೋ ಅಗ್ಗ. ಗಿನ್ನೆಸ್ ದಾಖಲೆಗೋಸ್ಕರ ಯಾರೂ ಇದನ್ನ ಮಾಡ್ಲಿಲ್ಲ, ದಾಖಲೆ ಟೈಮ್‌ಟೇಬಲ್‌ನ ಉಪ-ಉತ್ಪನ್ನ.

ಹಾಗಂದ್ರೆ ಲಾಭ ಇದೆ ಅಂತಲ್ಲ. ಎಂಟು ಸೀಟಿನ ಟಿಕೆಟ್‌ನಿಂದ ಈ ಸೇವೆ ನಡೆಯಲ್ಲ. ಆರ್ಕ್ನಿಯ ಸ್ಥಳೀಯ ಕೌನ್ಸಿಲ್ ‘ಸಾರ್ವಜನಿಕ ಸೇವೆಯ ಬಾಧ್ಯತೆ’ ಅನ್ನೋ ನಿಯಮದಡಿ ಟೆಂಡರ್ ಕರೆದು, ನಷ್ಟ ತುಂಬಿಕೊಡುತ್ತೆ. ನಮ್ಮಲ್ಲಿ 2016ರಲ್ಲಿ ಬಂದ ಉಡಾನ್ ಯೋಜನೆಯ ‘ವಯಬಿಲಿಟಿ ಗ್ಯಾಪ್ ಫಂಡಿಂಗ್’ ಕೂಡ ಅದೇ ಜಾತಿಯದ್ದು. ಬೀದರ್‌ನಂಥ ಊರಿಗೆ ವಿಮಾನ ಬಂದಿದ್ದು ಅದರ ಬಲದಿಂದ.

ಸೇತುವೆ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ನಮ್ಮ ಸಿಗಂದೂರು ಸೇತುವೆಗೆ ಹೆಚ್ಚುಕಡಿಮೆ 470 ಕೋಟಿ ರೂಪಾಯಿ ಆಯ್ತು, ಅದೂ ಹಿನ್ನೀರಿನ ಮೇಲೆ. ಅಟ್ಲಾಂಟಿಕ್ ಅಲೆಗಳಲ್ಲಿ, ತೊಂಬತ್ತು ಜನರಿಗೆ, ಯಾರೂ ಅಷ್ಟು ಸುರಿಯಲ್ಲ. ಸುರಿದ್ರೂ ಸೇತುವೆ ದಾಟಿ ಸಿಗೋದು ವೆಸ್ಟ್ರೇ, ಕರ್ಕ್‌ವಾಲ್ ಅಲ್ಲ. ವಿಮಾನಕ್ಕೆ ಬೇಕಾಗಿರೋದು ಎರಡೂ ಕಡೆ ಒಂದೊಂದು ಹೊಲ.

ಇಲ್ಲಿ ನನ್ನ ಅಭಿಪ್ರಾಯ ಹೇಳ್ತೀನಿ, ನೀವು ಒಪ್ಪಬೇಕಿಲ್ಲ. ‘ತೊಂಬತ್ತು ಜನಕ್ಕೆ ತೆರಿಗೆ ದುಡ್ಡಲ್ಲಿ ವಿಮಾನ ಯಾಕೆ’ ಅನ್ನೋರು ಇದನ್ನ ಪ್ರಯಾಣದ ಖರ್ಚು ಅಂತ ಬರೀತಿದ್ದಾರೆ. ನನ್ನ ಲೆಡ್ಜರ್‌ನಲ್ಲಿ ಇದು ಶಾಲೆ, ಆಸ್ಪತ್ರೆ, ಬ್ಯಾಂಕ್ ಮೂರೂ ತಲೆಯಡಿ ಬರುತ್ತೆ. ಪ್ರತಿ ದ್ವೀಪದಲ್ಲೂ ಪ್ರತಿ ವಿಷಯಕ್ಕೆ ಟೀಚರ್ ಇಟ್ಟು, ಡಾಕ್ಟರ್ ಇಟ್ಟು, ಬ್ರಾಂಚ್ ತೆಗೆದು ನೋಡಿ, ಎಷ್ಟಾಗುತ್ತೆ ಅಂತ. ಅದರ ಬದಲು ಅವರನ್ನೇ ಹಾರಿಸ್ತಿದ್ದಾರೆ.

ಭಾಗ 8, ಕೊನೆಯದು

ಹಾಗಾದ್ರೆ ಈ ವಿಮಾನದಲ್ಲಿ ಯಾರಿರ್ತಾರೆ? ಪಾಠಕ್ಕೆ ಬರೋ ಟೀಚರ್, ಆರೋಗ್ಯ ಸಿಬ್ಬಂದಿ, ಕೌನ್ಸಿಲ್ ಅಧಿಕಾರಿ, ಪೊಲೀಸ್, ಸಾಮಾನು ಹೊತ್ತ ದ್ವೀಪದವರು. ಪಾಪೇಯಲ್ಲಿ ಪ್ರೈಮರಿ ಶಾಲೆ ಇದೆ. ದೊಡ್ಡ ಕ್ಲಾಸಿನ ಮಕ್ಕಳು ಕರ್ಕ್‌ವಾಲ್‌ನಲ್ಲಿ ಹಾಸ್ಟೆಲ್‌ನಲ್ಲಿದ್ದು ಓದಿ, ವೀಕೆಂಡ್‌ಗೆ ಮನೆಗೆ ಬರ್ತಾರೆ. ಹಾಸ್ಟೆಲ್‌ನಲ್ಲಿರೋ ನಮ್ಮ ಗೆಳೆಯರಿಗೆ ಶುಕ್ರವಾರ ಸಂಜೆಯ ಬಸ್ಸು ಏನು ಅಂತ ಗೊತ್ತಲ್ಲ, ಅವರದ್ದು ಐಲ್ಯಾಂಡರ್. ಜೊತೆಗೆ ನಾಲ್ಕು ಜನ ಟೂರಿಸ್ಟ್, ಎರಡು ನಿಮಿಷದ ಹಾರಾಟಕ್ಕೇ ಬಂದವರು, ಇಳಿದ್ಮೇಲೆ ಸರ್ಟಿಫಿಕೇಟ್ ತಗೊಂಡು ಫೋಟೋ ಹೊಡ್ಕೊಳ್ಳೋರು. ಅವರ ಟಿಕೆಟ್ ದುಡ್ಡೂ ಲೆಕ್ಕಕ್ಕೆ ಸೇರುತ್ತೆ, ನಗಬೇಡಿ.

ಹಕ್ಕಿ ನೋಡೋಕೆ ಬರೋರೂ ಇದ್ದಾರೆ. ಪಾಪೇಯಲ್ಲಿ ಗ್ರೇಟ್ ಆಕ್ ಅನ್ನೋ ಹಕ್ಕಿ ಇತ್ತು, ಪೆಂಗ್ವಿನ್ ಥರ, ಹಾರೋಕೆ ಬರ್ತಿರಲಿಲ್ಲ. ಆರ್ಕ್ನಿಯ ಕೊನೆಯ ಗ್ರೇಟ್ ಆಕ್ ಅನ್ನ 1813ರಲ್ಲಿ ಇದೇ ದ್ವೀಪದಲ್ಲಿ ಗುಂಡಿಟ್ಟು ಕೊಂದರು, ಲಂಡನ್‌ನ ಒಬ್ಬ ಸಂಗ್ರಹಕಾರನ ಮ್ಯೂಸಿಯಂಗೋಸ್ಕರ. ಈಗ ಇಡೀ ಜಗತ್ತಿನಲ್ಲೇ ಆ ಜಾತಿ ಇಲ್ಲ.

ಜನಗಣತಿಗೆ ವಾಪಸ್ ಬರ್ತೀನಿ. 2001ರಲ್ಲಿ 65 ಅಂದೆನಲ್ಲ. 2011ರಲ್ಲಿ ಪಾಪೇಯ ಜನಸಂಖ್ಯೆ 90. ಇಳಿಜಾರು ಹತ್ತಿದ ದ್ವೀಪ ಹತ್ತು ವರ್ಷದಲ್ಲಿ 25 ಜನರನ್ನ ಹೆಚ್ಚಿಸ್ಕೊಳ್ತು. ಇದನ್ನ ಪೂರ್ತಿ ವಿಮಾನದ ಖಾತೆಗೆ ಹಾಕೋದು ತಪ್ಪು. ಅಲ್ಲಿಯ ಜನ ತಾವೇ ಸಹಕಾರ ಸಂಘ ಮಾಡ್ಕೊಂಡು ಅಂಗಡಿ ಮತ್ತೆ ಹಾಸ್ಟೆಲ್ ನಡೆಸ್ತಾರೆ, ಹೊಸಬರನ್ನ ಕರೆಸಿಕೊಂಡ್ರು. ಆದ್ರೆ ಚಿಕ್ಕ ಮಕ್ಕಳನ್ನ ಕಟ್ಕೊಂಡು ಅಂಥ ಜಾಗಕ್ಕೆ ಬರೋ ಸಂಸಾರ ಮೊದಲು ಕೇಳೋ ಪ್ರಶ್ನೆ ಒಂದೇ ಇರುತ್ತೆ: ರಾತ್ರಿ ಮಗೂಗೆ ಜ್ವರ ಬಂದ್ರೆ ಆಸ್ಪತ್ರೆ ಎಷ್ಟು ದೂರ? ಈ ಸೇವೆ ಶುರುವಾದಾಗಿನಿಂದ ದಶಕಗಳ ಕಾಲ ಅದೇ ಐಲ್ಯಾಂಡರ್‌ಗಳು ಏರ್ ಆಂಬುಲೆನ್ಸ್ ಕೆಲಸವನ್ನೂ ಮಾಡಿದವು.

ಕೊನೆಯ ಫೋಟೋದಲ್ಲಿ ಫ್ರೆಸನ್ ಹೆಸರು ಮತ್ತೆ ಬಂದಿರೋದನ್ನ ನೋಡಿ. ಐಲ್ಯಾಂಡರ್‌ನ ಪೆಟ್ರೋಲ್ ಇಂಜಿನ್ ಕಿತ್ತು, ಹೊಗೆ ಬಿಡದ ಇಂಜಿನ್ ಕೂರಿಸೋ ಒಂದು ಯೋಜನೆ ಬ್ರಿಟನ್ನಿನ ಕ್ರಾನ್‌ಫೀಲ್ಡ್ ಏರೋಸ್ಪೇಸ್ ಕಂಪನಿ 2019ರಲ್ಲಿ ಶುರು ಮಾಡ್ತು. ಮೊದಲು ಬ್ಯಾಟರಿ ಅಂದ್ರು. ಬ್ಯಾಟರಿ ಭಾರ ಜಾಸ್ತಿ, ಆಮೇಲೆ ಹೈಡ್ರೋಜನ್ ಕಡೆ ತಿರುಗಿದ್ರು. ದೊಡ್ಡ ವಿಮಾನಗಳಿಗೆ ಇನ್ನೂ ಸಾಧ್ಯ ಆಗದ್ದನ್ನ ಇಲ್ಲಿ ಮೊದಲು ಪ್ರಯತ್ನ ಮಾಡ್ತಿರೋದಕ್ಕೆ ಕಾರಣ ಸರಳ: ಹಾರೋ ದೂರ ಕಡಿಮೆ, ಹೊತ್ಕೊಂಡು ಹೋಗ್ಬೇಕಾದ ಇಂಧನ ಕಡಿಮೆ. 1948ರಲ್ಲಿ ಕೆಲಸ ಕಳ್ಕೊಂಡ ಆ ಪೈಲಟ್ ನೆನಪಿಗೆ ಯೋಜನೆಗೆ ಇಟ್ಟ ಹೆಸರು ‘ಪ್ರಾಜೆಕ್ಟ್ ಫ್ರೆಸನ್’.

ಇಂಟರ್ನಲ್ಸ್ ಮುಗಿದ್ಮೇಲೆ ಹೊಸ ಸರಣಿ. ವಿಷಯ ನೀವೇ ಹೇಳಿ.

#ಎರಡುನಿಮಿಷದವಿಮಾನ #ಪಾಪಾವೆಸ್ಟ್ರೇ #ಇತಿಹಾಸದಲೆಕ್ಕ #ಕನ್ನಡದಲ್ಲಿಇತಿಹಾಸ #ಬಿಕಾಂಬದುಕು